ಮರ ಕೊಯ್ಯುವ ಯಂತ್ರ: ಚಿಕ್ಕದೋ, ಮಧ್ಯಮದ್ದೋ?



ಗಾಳಿಮಳೆ ಕಳೆದು ಬಿದ್ದ ಮರಗಳ ಲೆಕ್ಕ ಹಾಕುವ ಹೊತ್ತಿಗೆ ಸಂಘದ ಕಛೇರಿಗೆ ಬರುವ ಬೆಳೆಗಾರರಲ್ಲಿ ಅನೇಕರು ಒಂದೇ ಪ್ರಶ್ನೆ ಕೇಳುತ್ತಾರೆ: "ಚೈನ್ ಸಾ ತೆಗೆದುಕೊಳ್ಳಬೇಕು, ಯಾವುದು ಒಳ್ಳೆಯದು?" ಪಕ್ಕದ ತೋಟದವರು ದೊಡ್ಡದು ತಂದರೆಂದು ತಾವೂ ದೊಡ್ಡದನ್ನೇ ತರುವವರಿದ್ದಾರೆ. ಬೆಲೆ ಕಡಿಮೆಯೆಂದು ಚಿಕ್ಕದನ್ನು ತಂದು, ಅದರಿಂದ ಹಲಸಿನ ದಿಮ್ಮಿ ಕೊಯ್ಯಿಸಿ, ಒಂದೇ ವರ್ಷದಲ್ಲಿ ಹಾಳು ಮಾಡಿಕೊಂಡವರೂ ಇದ್ದಾರೆ. ಇಬ್ಬರಿಗೂ ಆದದ್ದು ನಷ್ಟವೇ. ಆದಕಾರಣ ಈ ವಿಷಯವನ್ನು ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ಮೊದಲು ನನ್ನ ತಪ್ಪನ್ನೇ ಹೇಳಿಬಿಡುವೆ. ಕೆಲವು ವರ್ಷಗಳ ಕೆಳಗೆ ನಾನೂ ಮಧ್ಯಮ ಗಾತ್ರದ ಗರಗಸವನ್ನೇ ಕೊಂಡು, ಮರಗಸಿಯ ಕೆಲಸಕ್ಕೂ ಅದನ್ನೇ ಕೊಟ್ಟೆ. ಕುಷ್ಟಗಿ ಕಡೆಯಿಂದ ನಮ್ಮ ತೋಟಕ್ಕೆ ಬಂದಿದ್ದ ಒಬ್ಬ ನುರಿತ ಆಳು ಮೂರು ದಿನ ಅದನ್ನು ಹಿಡಿದು ದುಡಿದ. ಮೂರನೆಯ ದಿನ ಸಂಜೆ, ಕೊಂಬೆ ತುಂಡಾದೊಡನೆ ಸೋತ ಕೈಯಿಂದ ಗರಗಸ ಕೆಳಕ್ಕೆ ಜಾರಿ ಮಂಡಿಯ ಮೇಲೆ ಗಾಯವಾಯಿತು. ನಾಲ್ಕು ಹೊಲಿಗೆ ಹಾಕಬೇಕಾಯಿತು. ಆಸ್ಪತ್ರೆಯಿಂದ ಮರಳುವಾಗ ಆತ ಹೇಳಿದ ಮಾತು ಇದು: "ಸಾವ್ಕಾರ್ರ, ಕುಡಗೋಲು ಮನ್ಯಾಗ ಇಟ್ಟು ಕೊಡ್ಲಿ ತೊಗೊಂಡು ಮೇವು ಕೊಯ್ಯಾಕ ಹೋದಂಗ ಆತ್ರಿ ಇದು." ಈ ಲೇಖನದ ಸಾರಾಂಶವೂ ಅದೇ.

ಗಾತ್ರ ಎಂದರೇನು?

ಚಿಕ್ಕ ಗರಗಸವೆಂದರೆ ಸುಮಾರು 30ರಿಂದ 40 ಸಿ.ಸಿ. ಎಂಜಿನ್, 12ರಿಂದ 16 ಅಂಗುಲದ ಬಾರ್. ಬಾರ್, ಚೈನು, ಎಣ್ಣೆ ಎಲ್ಲ ಸೇರಿ ಐದು ಕಿಲೋ ಆಸುಪಾಸು ತೂಗುತ್ತದೆ. ಮಧ್ಯಮವೆಂದರೆ 45ರಿಂದ 60 ಸಿ.ಸಿ., 16ರಿಂದ 20 ಅಂಗುಲದ ಬಾರ್, ತೂಕ ಏಳು ಕಿಲೋ ಸಮೀಪ. ಎರಡು ಕಿಲೋ ವ್ಯತ್ಯಾಸ ಅಂಗಡಿಯಲ್ಲಿ ಎತ್ತಿ ನೋಡುವಾಗ ತಿಳಿಯುವುದಿಲ್ಲ. ಮಧ್ಯಾಹ್ನ ಮೂರು ಗಂಟೆಗೆ ಇಳಿಜಾರಿನ ತೋಟದಲ್ಲಿ ತಿಳಿಯುತ್ತದೆ.

ಯಂತ್ರವನ್ನು ಮರ ನೋಡಿ ಆರಿಸಬೇಕು. ನಾವು ಮರವನ್ನು ಸುತ್ತಳತೆಯಲ್ಲಿ ಅಳೆಯುವವರು. ಬಾರಿನ ಲೆಕ್ಕವಾದರೋ ಅಡ್ಡಳತೆಯದು. ಸುತ್ತಳತೆಯ ಅಂಗುಲಗಳನ್ನು ಮೂರರಿಂದ ಭಾಗಿಸಿದರೆ ಅಡ್ಡಳತೆ ಹೆಚ್ಚುಕಡಿಮೆ ದೊರೆಯುತ್ತದೆ. ಮೂರು ಅಡಿ ಸುತ್ತಿನ ಸಿಲ್ವರ್ ಓಕ್ ಎಂದರೆ 12 ಅಂಗುಲ. ಇದಕ್ಕೆ 14 ಅಂಗುಲದ ಬಾರಿರುವ ಚಿಕ್ಕ ಗರಗಸ ಸಾಕು. ನಾಲ್ಕು ಅಡಿ ಸುತ್ತು ಎಂದರೆ 16 ಅಂಗುಲ. ಇಲ್ಲಿ 18 ಅಂಗುಲದ ಬಾರಿರುವ ಮಧ್ಯಮ ಗರಗಸ ಬೇಕು. ಬಾರ್ ಮರಕ್ಕಿಂತ ಎರಡು ಅಂಗುಲ ಉದ್ದವಿರಲಿ ಎಂಬುದೇ ಸೂತ್ರ. ಚಿಕ್ಕ ಎಂಜಿನ್‌ಗೆ ಉದ್ದನೆಯ ಬಾರ್ ಸಿಕ್ಕಿಸಿ ಉಪಾಯ ಮಾಡಿದೆವೆಂದು ತಿಳಿಯಬೇಡಿ. ಚೈನಿನ ವೇಗ ಕುಗ್ಗಿ, ಕ್ಲಚ್ ಕಾದು, ಕೊನೆಗೆ ಎಂಜಿನ್ನೇ ಸೋಲುತ್ತದೆ.

ಮರದ ಗಟ್ಟಿತನವನ್ನೂ ನೋಡಬೇಕು. ಕುಷ್ಟಗಿ, ಯಲಬುರ್ಗಾ ಸೀಮೆಯ ಬಳ್ಳಾರಿ ಜಾಲಿ ಬಹಳ ಗಟ್ಟಿ. ಆದರೆ ಕಾಂಡ ಸಾಮಾನ್ಯವಾಗಿ ಸಣ್ಣದು. ಅಲ್ಲಿ ಹರಿತವಾದ ಚೈನಿರುವ ಚಿಕ್ಕ ಗರಗಸವೇ ಕೆಲಸ ಸಾಗಿಸುತ್ತದೆ. ನಮ್ಮ ಅಡಿಕೆ ಮರ ಒಳಗೆ ಮೆದು, ಹೊರಗೆ ನಾರುಗಟ್ಟಿದ ಕವಚ. ಕೊಯ್ಯಲು ಸುಲಭವೆನಿಸಿದರೂ ಹಲ್ಲನ್ನು ಬೇಗ ಮೊಂಡು ಮಾಡುತ್ತದೆ.

ಚೈನಿನ ಹಲ್ಲು

ಈಗಿನ ಚೈನಿನ ಹಲ್ಲಿಗೆ ಒಂದು ಕಥೆಯಿದೆ. 1946ರಲ್ಲಿ ಅಮೆರಿಕದ ಒರೆಗಾನಿನಲ್ಲಿ ಮರ ಕಡಿಯುತ್ತಿದ್ದ ಜೋಸೆಫ್ ಕಾಕ್ಸ್ ಎಂಬಾತ ಒಂದು ಕೊರಕ ಹುಳು ಎಡಕ್ಕೂ ಬಲಕ್ಕೂ ಕತ್ತರಿಸುತ್ತ ಮರದೊಳಗೆ ಸಾಗುವುದನ್ನು ಗಮನಿಸಿ, ಅದೇ ರೀತಿಯ ಹಲ್ಲು ರಚಿಸಿದ. ಕಾಂಡಕೊರಕದಿಂದ ಅರೇಬಿಕಾ ಗಿಡ ಕಳೆದುಕೊಂಡ ನಮಗೆ ಆ ಜಾತಿಯ ಹುಳುವಿನ ಸಾಮರ್ಥ್ಯ ಯಾರೂ ಹೇಳಿಕೊಡಬೇಕಾಗಿಲ್ಲ!

ಗರಗಸದಿಂದ ಸಿಪ್ಪೆಯಂಥ ಚೂರು ಬೀಳುತ್ತಿದ್ದರೆ ಹಲ್ಲು ಹರಿತವಾಗಿದೆ. ಹಿಟ್ಟಿನಂಥ ಪುಡಿ ಬಂದರೆ ಅರ ಹಾಕುವ ಕಾಲ. ಮೊಂಡು ಚೈನಿರುವ ಮಧ್ಯಮ ಗರಗಸಕ್ಕಿಂತ ಹರಿತವಾದ ಚಿಕ್ಕದು ಎಷ್ಟೋ ಮೇಲು. ಚೈನಿಗೆ ತಕ್ಕ ದುಂಡು ಅರವನ್ನೇ ಕೇಳಿ ಪಡೆಯಿರಿ. ಚಿಕ್ಕ ಗರಗಸಗಳಿಗೆ ಹೆಚ್ಚಾಗಿ 4 ಮಿ.ಮೀ. ಅರ ಹಿಡಿಸುತ್ತದೆ. ದಿಮ್ಮಿಯನ್ನು ನೆಲಕ್ಕೆ ತಾಗಿಸಿ ಕೊಯ್ದರೆ ಒಂದು ಕ್ಷಣದ ಮಣ್ಣು ಒಂದು ದಿನದ ಹರಿತವನ್ನು ಕೆಡಿಸುತ್ತದೆ.

ಎಣ್ಣೆಯ ವಿಚಾರ

ಇವು ಟೂ ಸ್ಟ್ರೋಕ್ ಎಂಜಿನ್‌ಗಳು. ಪೆಟ್ರೋಲಿಗೆ ಬೆರೆಸಿದ ಎಣ್ಣೆಯೇ ಎಂಜಿನ್ನಿನ ಜೀವ. ಯಂತ್ರದ ಪುಸ್ತಕದಲ್ಲಿ 50ಕ್ಕೆ 1 ಎಂದಿದ್ದರೆ ಲೀಟರಿಗೆ 20 ಮಿ.ಲೀ.; 25ಕ್ಕೆ 1 ಎಂದಿದ್ದರೆ 40 ಮಿ.ಲೀ. ಅಂದಾಜಿನಿಂದ ಸುರಿಯದೆ ಅಳೆದೇ ಬೆರೆಸಿರಿ. ಎಣ್ಣೆಯಿಲ್ಲದ ಪೆಟ್ರೋಲ್ ಹಾಕಿದರೆ ಪಿಸ್ಟನ್ ಕಚ್ಚಿಕೊಳ್ಳುವುದು ಖಂಡಿತ. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಇದ್ದು ಅದು ತೇವ ಹೀರುವುದರಿಂದ, ಮಳೆಗಾಲಕ್ಕೆ ಯಂತ್ರ ಎತ್ತಿಡುವ ಮುನ್ನ ಟ್ಯಾಂಕು ಖಾಲಿ ಮಾಡಬೇಕು. ಚೈನಿನ ಎಣ್ಣೆ ಬೇರೆಯೇ ಟ್ಯಾಂಕಿನದು. ಅದಿಲ್ಲದೆ ಒಂದು ನಿಮಿಷವೂ ಓಡಿಸಕೂಡದು.

ಜೀವಕ್ಕಿಂತ ಮರ ದೊಡ್ಡದಲ್ಲ

ಬಾರಿನ ಮೂತಿಯ ಮೇಲ್ಭಾಗ ಮರಕ್ಕೆ ತಾಗಿದರೆ ಗರಗಸ ಕಣ್ಣು ಮಿಟುಕಿಸುವಷ್ಟರಲ್ಲಿ ಮುಖದತ್ತ ಚಿಮ್ಮುತ್ತದೆ. ಇದು ಚಿಕ್ಕದರಲ್ಲೂ ತಪ್ಪದು. ಚೈನ್ ಬ್ರೇಕ್ ಹಿಡಿಯುತ್ತದೆಯೇ ಎಂದು ಪ್ರತಿದಿನ ಪರೀಕ್ಷಿಸಬೇಕು. ಎರಡೂ ಕೈಯಲ್ಲಿ ಹಿಡಿಯಬೇಕು. ಹೆಗಲಿಗಿಂತ ಎತ್ತರದಲ್ಲಿ ಕೊಯ್ಯಬಾರದು. ಮರಗಸಿಯಲ್ಲಿ ಮರದ ಮೇಲೆ ಹೋಗುವ ಆಳಿಗೆ ಸಣ್ಣ ಕೊಂಬೆಗಳಿಗೆ ಕತ್ತಿಯೇ ಕ್ಷೇಮ. ಶಿರಸ್ತ್ರಾಣ, ಕನ್ನಡಕ, ಕಾಲಿನ ರಕ್ಷಾಕವಚಗಳನ್ನು ಗರಗಸದ ಬೆಲೆಯೊಳಗೇ ಸೇರಿಸಿ ಲೆಕ್ಕ ಹಾಕಿರಿ.

ಇನ್ನೊಂದು ಮಾತು. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆಯಂತೆ, ವಿನಾಯಿತಿ ಇರುವ ಜಾತಿಗಳನ್ನುಳಿದು ಮರ ಕಡಿಯಲು ಅನುಮತಿ ಬೇಕು. ಗರಗಸ ಎತ್ತುವ ಮೊದಲು ವಲಯ ಅರಣ್ಯಾಧಿಕಾರಿಗಳ ಕಛೇರಿಯಲ್ಲಿ ವಿಚಾರಿಸಿರಿ.

ಹಾಗಾದರೆ ಯಾವುದು?

ಐದರಿಂದ ಹತ್ತು ಎಕರೆಯ ಬೆಳೆಗಾರರಿಗೆ ನನ್ನ ಸಲಹೆ ಇಷ್ಟು. ಬಿದ್ದ ಕೊಂಬೆ, ಹಳೆಯ ಕಾಫಿ ಬುಡ, ಅಡಿಕೆ ಬೇಯಿಸುವ ಒಲೆಯ ಸೌದೆ — ವರ್ಷದ ಬಹುಪಾಲು ಕೆಲಸ ಇದೇ ಆದ್ದರಿಂದ 14 ಅಂಗುಲದ ಚಿಕ್ಕ ಗರಗಸ ಸ್ವಂತಕ್ಕಿರಲಿ. ವರ್ಷಕ್ಕೆ ಎರಡು ಸಲ ಬೀಳುವ ದೊಡ್ಡ ಮರಕ್ಕಾಗಿ ಮಧ್ಯಮದ್ದನ್ನು ಬಾಡಿಗೆಗೆ ತರಿಸಿ, ಇಲ್ಲವೇ ನಾಲ್ಕು ಮನೆಯವರು ಕೂಡಿ ಒಂದನ್ನು ಕೊಳ್ಳಿರಿ. ಆದರೆ ಅದನ್ನು ನಡೆಸುವವನು ಒಬ್ಬನೇ ಇರಲಿ, ಕಲಿತವನಿರಲಿ. ಹತ್ತು ಕೈ ಬದಲಾದ ಗರಗಸಕ್ಕೆ ಒಡೆಯನಿರುವುದಿಲ್ಲ. ವಾರಕ್ಕೆ ಎರಡು ಮೂರು ದಿನ ನಾಲ್ಕು ಅಡಿ ಸುತ್ತಿನ ಮರ ಕೊಯ್ಯುವ ಕೆಲಸವಿದ್ದವರು ಮಾತ್ರ ಮಧ್ಯಮದ್ದನ್ನು ಸ್ವಂತಕ್ಕೆ ಕೊಳ್ಳುವುದು ಸರಿ.

ನನ್ನ ದೊಡ್ಡ ಗರಗಸ ಈಗ ಮೂವರು ನೆರೆಯವರೊಂದಿಗೆ ಪಾಲಿನಲ್ಲಿದೆ. ಮನೆಯಲ್ಲಿರುವುದು ಚಿಕ್ಕದು. ಮಂಡಿಗೆ ಹೊಲಿಗೆ ಹಾಕಿಸಿಕೊಂಡ ಆ ಆಳೇ ಅದನ್ನು ನಡೆಸುತ್ತಾನೆ, ಕಾಲಿಗೆ ರಕ್ಷಾಕವಚ ತೊಟ್ಟು.

— ಕಾರ್ಯದರ್ಶಿ