ಕಾಂಕಾರ್ಡ್ ವಿಮಾನವು ಸೋತುದೇಕೆ?

ಪ್ರಯಾಣದ ಇತಿಹಾಸವೆಂದರೆ ವೇಗದ ಇತಿಹಾಸವೆಂದೇ ಹೇಳಬಹುದು. ಎತ್ತಿನ ಬಂಡಿಯ ಬಳಿಕ ರೈಲು, ರೈಲಿನ ಬಳಿಕ ವಿಮಾನ, ಅದರಲ್ಲಿಯೂ ಜೆಟ್ ವಿಮಾನ—ಹೀಗೆ ಒಂದನ್ನೊಂದು ಹಿಂದೆ ಹಾಕುತ್ತಲೇ ಬಂದಿವೆ. ಆದರೆ ಈ ಸಾಲಿನಲ್ಲಿ ವಿಚಿತ್ರವಾದ ಅಪವಾದವೊಂದುಂಟು. ಶಬ್ದದ ವೇಗವನ್ನು ಮೀರಿ ಹಾರುವ, ಅಂದರೆ ಶಬ್ದಾತೀತವಾದ, ಕಾಂಕಾರ್ಡ್ ಎಂಬ ಪ್ರಯಾಣಿಕ ವಿಮಾನವು 1976ರಿಂದ 2003ರವರೆಗೆ ಸಂಚರಿಸಿ, ಉತ್ತರಾಧಿಕಾರಿಯಿಲ್ಲದೆ ನಿಂತುಹೋಯಿತು. ಲಂಡನ್ನಿನಿಂದ ನ್ಯೂಯಾರ್ಕಿಗೆ ಸುಮಾರು ಮೂರೂವರೆ ಗಂಟೆಯಲ್ಲಿ ಮುಗಿಯುತ್ತಿದ್ದ ಪ್ರಯಾಣಕ್ಕೆ ಇಂದು ಏಳು ಗಂಟೆಗೂ ಮೇಲೆ ಬೇಕು. ಯಂತ್ರವು ಗೆದ್ದೂ ವ್ಯಾಪಾರವು ಸೋತುದು ಹೇಗೆ?

ಮೊದಲು ಕಥೆಯನ್ನು ಸಂಕ್ಷೇಪವಾಗಿ ನೋಡೋಣ. ಬ್ರಿಟನ್ ಮತ್ತು ಫ್ರಾನ್ಸ್ ಸರ್ಕಾರಗಳು 1962ರ ನವೆಂಬರ್ 29ರಂದು ಒಪ್ಪಂದ ಮಾಡಿಕೊಂಡು ಈ ವಿಮಾನವನ್ನು ಕೂಡಿ ಕಟ್ಟಲು ನಿಶ್ಚಯಿಸಿದವು. 1969ರ ಮಾರ್ಚ್ 2ರಂದು ಅದು ಮೊದಲ ಬಾರಿ ಹಾರಿತು. ರಷ್ಯನ್ನರ ಟುಪೊಲೆವ್-144 ಅದಕ್ಕಿಂತ ಎರಡು ತಿಂಗಳು ಮೊದಲೇ ಹಾರಿದ್ದಿತಾದರೂ, ಅದು ಪ್ರಯಾಣಿಕರನ್ನು ಹೊತ್ತುದು 1977-78ರ ಕೆಲವೇ ತಿಂಗಳು. ಅಮೆರಿಕದವರು ತಮ್ಮ ಯೋಜನೆಯನ್ನು 1971ರಲ್ಲಿಯೇ ಕೈಬಿಟ್ಟರು. ಕಣದಲ್ಲಿ ಉಳಿದುದು ಕಾಂಕಾರ್ಡ್ ಒಂದೇ.

ಸೋಲಿನ ಮೊದಲ ಕಾರಣ ಗಾಳಿಯಲ್ಲಿಯೇ ಇದೆ. ಶಬ್ದವೇಗವನ್ನು ಮೀರಿದ ವಿಮಾನಕ್ಕೆ ಗಾಳಿಯು ಒಡ್ಡುವ ತಡೆ ಬಹಳ ಹೆಚ್ಚು. ಸಾಮಾನ್ಯ ದೊಡ್ಡ ಜೆಟ್ ವಿಮಾನದಲ್ಲಿ ರೆಕ್ಕೆಯ ಎತ್ತುವ ಬಲವು ಗಾಳಿಯ ತಡೆಯ ಸುಮಾರು 17 ಪಟ್ಟು ಇದ್ದರೆ, ಕಾಂಕಾರ್ಡಿನಲ್ಲಿ ಅದು ಸುಮಾರು 7 ಪಟ್ಟು ಮಾತ್ರ. ಈ ಕೊರತೆಯನ್ನು ಇಂಧನವನ್ನು ಉರಿಸಿಯೇ ತುಂಬಬೇಕು. ಹಾರುವಾಗ ಗರಿಷ್ಠ 185 ಟನ್ ತೂಗುತ್ತಿದ್ದ ಈ ವಿಮಾನದಲ್ಲಿ ಸುಮಾರು 95 ಟನ್ ಇಂಧನವೇ ಆಗಿದ್ದಿತು. ಸುಮಾರು ನೂರು ಜನ ಪ್ರಯಾಣಿಕರ ಮತ್ತು ಅವರ ಪೆಟ್ಟಿಗೆಗಳ ತೂಕ ಹತ್ತು ಟನ್ನಿನ ಆಸುಪಾಸು. ಅಂದರೆ ಒಂದು ಮೂಟೆ ಅಕ್ಕಿಯನ್ನು ಸಾಗಿಸಲು ಒಂಬತ್ತು ಮೂಟೆ ಹುಲ್ಲನ್ನೂ ಬಂಡಿಯಲ್ಲಿ ಹೇರಿಕೊಂಡು ಹೊರಟಂತೆ!

ಎರಡನೆಯ ಕಾರಣ ಸದ್ದು. ನಿಂತ ನೀರಿನಲ್ಲಿ ದೋಣಿ ರಭಸದಿಂದ ಹೋದಾಗ ಅಲೆಗಳು ಬಾಣದ ಮೊನೆಯ ಆಕಾರದಲ್ಲಿ ಅದನ್ನು ಹಿಂಬಾಲಿಸುತ್ತವೆಯಷ್ಟೆ. ಶಬ್ದಾತೀತ ವಿಮಾನದ ಹಿಂದೆಯೂ ಗಾಳಿಯಲ್ಲಿ ಇಂಥದೇ ಒತ್ತಡದ ಅಲೆಯೊಂದು ಸಾಗಿ, ನೆಲದ ಮೇಲಿರುವವರಿಗೆ ಸಿಡಿಲಿನಂತೆ ಕೇಳಿಸುತ್ತದೆ. ಶಬ್ದವೇಗವನ್ನು ದಾಟುವ ಕ್ಷಣದಲ್ಲಿ ಮಾತ್ರ ಈ ಸಿಡಿತವೆಂದು ಹಲವರು ತಿಳಿದಿರುವುದುಂಟು. ಹಾಗಲ್ಲ, ದಾರಿಯುದ್ದಕ್ಕೂ ಅದು ವಿಮಾನದ ಬೆನ್ನಿಗೇ ಇರುತ್ತದೆ. 1964ರಲ್ಲಿ ಅಮೆರಿಕದ ಒಕ್ಲಹೋಮ ನಗರದ ಮೇಲೆ ಆರು ತಿಂಗಳ ಕಾಲ ಇಂಥ ಸಿಡಿತಗಳನ್ನು ಉಂಟುಮಾಡಿ ಪರೀಕ್ಷಿಸಿದಾಗ, ನಾಲ್ಕರಲ್ಲೊಂದು ಪಾಲಿಗೂ ಹೆಚ್ಚು ಜನ ಇದರೊಡನೆ ಬಾಳಲಾರೆವೆಂದರು. 1973ರಲ್ಲಿ ಅಮೆರಿಕವು ತನ್ನ ನೆಲದ ಮೇಲೆ ನಾಗರಿಕ ವಿಮಾನಗಳ ಶಬ್ದಾತೀತ ಹಾರಾಟವನ್ನು ನಿಷೇಧಿಸಿತು.

ನಮ್ಮ ದೇಶಕ್ಕೂ ಇದರಲ್ಲೊಂದು ಪಾತ್ರವುಂಟು. ಬಹರೈನ್ ಮೂಲಕ ಲಂಡನ್ನಿನಿಂದ ಸಿಂಗಪುರಕ್ಕೆ 1977ರಲ್ಲಿ ಆರಂಭವಾದ ಸಂಚಾರವು ಮಲೇಷ್ಯದ ಆಕ್ಷೇಪಣೆಯಿಂದ ಕೆಲವೇ ದಿನಗಳಲ್ಲಿ ನಿಂತಿತು. 1979ರಲ್ಲಿ ಮತ್ತೆ ಮೊದಲಾದರೂ, ಭಾರತವು ತನ್ನ ನೆಲದ ಮೇಲೆ ಶಬ್ದಾತೀತ ವೇಗಕ್ಕೆ ಅನುಮತಿ ಕೊಡಲಿಲ್ಲ. 1980ರಲ್ಲಿ ಆ ದಾರಿ ಮುಚ್ಚಿತು. ಹೀಗೆ ವೇಗದ ವಿಮಾನಕ್ಕೆ ವೇಗವಾಗಿ ಹೋಗಲು ಸಮುದ್ರವೊಂದೇ ಉಳಿಯಿತು. ಪೆಸಿಫಿಕ್ ಸಾಗರವನ್ನು ಒಂದೇ ಉಸಿರಿನಲ್ಲಿ ದಾಟುವಷ್ಟು ಇಂಧನ ಅದರಲ್ಲಿ ಹಿಡಿಯುತ್ತಿರಲಿಲ್ಲ. ಲಾಭ ತರಬಲ್ಲ ದಾರಿಯೆಂದರೆ ಅಟ್ಲಾಂಟಿಕ್ ಒಂದೇ.

ಮೂರನೆಯ ಕಾರಣ ಪೈಪೋಟಿ. 1970ರಲ್ಲಿ ಬೋಯಿಂಗ್ 747 ಬಂದಿತು. ಅದರ ವೇಗ ಕಾಂಕಾರ್ಡಿನ ಅರ್ಧಕ್ಕೂ ಕಡಿಮೆ. ಆದರೆ ಹೊರುತ್ತಿದ್ದುದು ಮುನ್ನೂರೈವತ್ತಕ್ಕೂ ಮೇಲ್ಪಟ್ಟ ಜನರನ್ನು. 1973ರ ಕೊನೆಯಲ್ಲಿ ಎಣ್ಣೆಯ ಬೆಲೆ ಏರಿದಾಗ ಈ ಅಂತರವು ಇನ್ನೂ ದೊಡ್ಡದಾಯಿತು. ಬಹುಪಾಲು ಪ್ರಯಾಣಿಕರಿಗೆ ಬೇಕಾದುದು ಮೂರು ಗಂಟೆಯ ಉಳಿತಾಯವಲ್ಲ, ಟಿಕೆಟ್ಟಿನ ಹಣದ ಉಳಿತಾಯ. ಏರ್ ಇಂಡಿಯಾವೂ ಸೇರಿ ಹಲವು ಕಂಪೆನಿಗಳು ಎಪ್ಪತ್ತಕ್ಕೂ ಮಿಕ್ಕಿ ವಿಮಾನಗಳನ್ನು ಕಾಯ್ದಿರಿಸಿದ್ದವು. ಒಂದೊಂದಾಗಿ ಎಲ್ಲವೂ ಹಿಂದೆ ಸರಿದವು. ಒಟ್ಟು ಕಟ್ಟಿದುದು 20. ಪ್ರಯಾಣಿಕರ ಸೇವೆಗೆ ಬಂದುದು 14. ಅವು ಸೇರಿದುದು ಬ್ರಿಟಿಷ್ ಏರ್‌ವೇಸ್ ಮತ್ತು ಏರ್ ಫ್ರಾನ್ಸ್ ಸಂಸ್ಥೆಗಳಿಗೆ.

ಇಷ್ಟಾದರೂ ಸರ್ಕಾರಗಳು ಮುಂದುವರಿದುದೇಕೆ? ಒಪ್ಪಂದದಲ್ಲಿ ಹಿಂದೆ ಸರಿಯಲು ಅವಕಾಶವನ್ನೇ ಇಟ್ಟಿರಲಿಲ್ಲ. 1964ರಲ್ಲಿ ಬ್ರಿಟನ್ನಿನ ಹೊಸ ಸರ್ಕಾರ ಕೈಬಿಡಲು ಯೋಚಿಸಿ, ಪರಿಹಾರ ತೆರಬೇಕಾದೀತೆಂದು ಹೆದರಿ ಸುಮ್ಮನಾಯಿತು. ಕೊನೆಗೆ ವೆಚ್ಚವು ಮೊದಲ ಅಂದಾಜಿನ ಹಲವು ಪಟ್ಟು ಆಯಿತು. ಮುಳುಗಿದವನಿಗೆ ಚಳಿಯೇನು, ಮಳೆಯೇನು ಎಂಬ ಈ ಮನೋಭಾವಕ್ಕೆ, ಅಂದರೆ ಸುರಿದ ಹಣಕ್ಕಾಗಿ ಇನ್ನಷ್ಟು ಸುರಿಯುವುದಕ್ಕೆ, ‘ಕಾಂಕಾರ್ಡ್ ಭ್ರಾಂತಿ’ ಎಂಬ ಹೆಸರೇ ವಿದ್ವಾಂಸರಲ್ಲಿ ನಿಂತಿದೆ.

ಬ್ರಿಟಿಷ್ ಏರ್‌ವೇಸ್ 1980ರ ದಶಕದಲ್ಲಿ ಈ ವಿಮಾನವನ್ನು ಲಾಭದಲ್ಲಿ ನಡೆಸಿತೆಂಬುದು ನಿಜ. ಆದರೆ ಅದು ದಿನನಿತ್ಯದ ಖರ್ಚನ್ನು ಕಳೆದ ಲಾಭ. ವಿಮಾನವನ್ನು ಸೃಷ್ಟಿಸಿದ ವೆಚ್ಚವು ಆ ಲೆಕ್ಕದಲ್ಲಿ ಇರಲಿಲ್ಲ. ಅದನ್ನು ಹೊತ್ತವರು ಎರಡು ದೇಶಗಳ ತೆರಿಗೆದಾರರು; ಅವರಲ್ಲಿ ಬಹುಮಂದಿ ಕಾಂಕಾರ್ಡನ್ನು ಏರಿದವರಲ್ಲ. 2000ದ ಜುಲೈ 25ರಂದು ಪ್ಯಾರಿಸಿನ ಬಳಿ ಒಂದು ವಿಮಾನ ಉರಿದು ಬಿದ್ದು 113 ಜನ ಮಡಿದರು. 2001ರ ನವೆಂಬರಿನಲ್ಲಿ ಸಂಚಾರ ಮತ್ತೆ ಆರಂಭವಾಯಿತಾದರೂ ಪ್ರಯಾಣಿಕರು ಸಾಲದಾದರು, ದುರಸ್ತಿಯ ಖರ್ಚು ಏರಿತು. 2003ರ ಅಕ್ಟೋಬರ್ 24ರಂದು ಪ್ರಯಾಣಿಕರ ಸಂಚಾರ ಮುಗಿಯಿತು.

ಸದ್ದನ್ನು ತಗ್ಗಿಸಿದ ಶಬ್ದಾತೀತ ವಿಮಾನಗಳಿಗಾಗಿ ಅಮೆರಿಕದಲ್ಲಿ ಈಗ ಮತ್ತೆ ಪ್ರಯತ್ನಗಳು ನಡೆದಿವೆ. 2025ರ ಜೂನಿನಲ್ಲಿ 1973ರ ನಿಷೇಧವನ್ನು ತೆಗೆಯುವಂತೆ ಅಲ್ಲಿನ ಅಧ್ಯಕ್ಷರು ಆಜ್ಞೆ ಹೊರಡಿಸಿದರು. ಸದ್ದಿನ ತೊಡಕು ನಾಳೆ ಬಗೆಹರಿಯಬಹುದು. ಇಂಧನದ ಲೆಕ್ಕ ಮಾತ್ರ ಹಾಗೆಯೇ ನಿಂತಿದೆ. ವಿಜ್ಞಾನವು ‘ಇದು ಸಾಧ್ಯವೇ?’ ಎಂದು ಕೇಳುತ್ತದೆ. ಆ ಪ್ರಶ್ನೆಗೆ ಕಾಂಕಾರ್ಡ್ ಘನವಾದ ಉತ್ತರ ಕೊಟ್ಟಿತು. ಆದರೆ ‘ಇದು ಯಾರಿಗಾಗಿ, ಯಾರ ಹಣದಿಂದ, ಯಾರ ನಿದ್ದೆಯನ್ನು ಕೆಡಿಸಿ?’ ಎಂಬ ಪ್ರಶ್ನೆಗಳನ್ನು ಅರ್ಥಶಾಸ್ತ್ರ, ರಾಜ್ಯಶಾಸ್ತ್ರಗಳನ್ನು ಓದುವ ನಮ್ಮಂಥವರೇ ಕೇಳಬೇಕು. ಅದನ್ನೂ ಹಣ ಸುರಿಯುವ ಮೊದಲೇ ಕೇಳಬೇಕು.