ಮೈಗೆ ಎಣ್ಣೆ, ಕೈಗೆ ಫೋನು

ತುಂಗಭದ್ರೆಯ ಬಲದಂಡೆಯ ಹೊಸಪೇಟೆ, ಹಂಪಿ, ಕಂಪ್ಲಿಗಳಲ್ಲಿಯೂ ಅವುಗಳ ದಕ್ಷಿಣಕ್ಕೆ ಗುಡ್ಡಗಳ ನಡುವೆ ಇರುವ ಸಂಡೂರಿನಲ್ಲಿಯೂ ಮೈಗೆ ಎಣ್ಣೆ ತಿಕ್ಕಿಸಿಕೊಳ್ಳುವ ರೂಢಿ ಹಳೆಯದಾದರೂ ಇಂದು ಅದು ಒಂದೇ ಬಗೆಯದಾಗಿ ಉಳಿದಿಲ್ಲ. ಗರಡಿಮನೆಯ ಪೈಲ್ವಾನರಿಗೆ ಮಾಡುವ ಮಾಲೀಸು, ಬಾಣಂತಿಗೂ ಕೂಸಿಗೂ ಎಣ್ಣೆ ಹಚ್ಚಿ ಎರೆಯುವ ಹಿರಿಯ ಹೆಂಗಸರ ಕೈಕೆಲಸ, ಆಯುರ್ವೇದ ವೈದ್ಯರು ಬರೆದುಕೊಡುವ ಅಭ್ಯಂಗ, ಹಂಪಿಯ ಅತಿಥಿಗೃಹಗಳ ನಡುವಿನ ಸಣ್ಣ ಮಸಾಜ್ ಕೋಣೆ, ಕಮಲಾಪುರದ ಸುತ್ತಲಿನ ರೆಸಾರ್ಟುಗಳ ಸ್ಪಾ, ಇವೆಲ್ಲ ಒಂದೇ ವಿದ್ಯೆಯ ಬೇರೆ ಬೇರೆ ಕವಲುಗಳು. ಸ್ಮಾರ್ಟ್‌ಫೋನು ಎಲ್ಲರ ಕೈಗೆ ಬಂದ ಮೇಲೆ ಈ ಎಲ್ಲ ಕವಲುಗಳಿಗೂ ಸಮಾನವಾದ ಒಂದು ತೊಡಕು ಹುಟ್ಟಿಕೊಂಡಿದ್ದು, ಅದು ಎಣ್ಣೆ ಮೈಮೇಲಿರುವಷ್ಟು ಹೊತ್ತು ಫೋನು ಎಲ್ಲಿರಬೇಕು, ಯಾರ ಸುಪರ್ದಿಯಲ್ಲಿರಬೇಕು ಎಂಬುದಕ್ಕೆ ಸಂಬಂಧಿಸಿದೆ.

ಈ ತೊಡಕನ್ನು ಸಾಮಾನ್ಯವಾಗಿ ಸಭ್ಯತೆಯ ವಿಷಯವೆಂದು ತಿಳಿಯಲಾಗುತ್ತದೆ. ದೇವಸ್ಥಾನದಲ್ಲಿ, ಸಿನಿಮಾ ಮಂದಿರದಲ್ಲಿ ಫೋನು ಗಣಗಣಿಸಿದರೆ ಸುತ್ತಲಿನವರಿಗೆ ಕಿರಿಕಿರಿಯಾಗುವಂತೆ ಮಸಾಜ್ ಕೋಣೆಯಲ್ಲೂ ಆಗುತ್ತದೆ ಎಂಬ ಈ ಎಣಿಕೆ ತಪ್ಪಲ್ಲ. ತೆಳುವಾದ ಪರದೆಯಿಂದ ಒಂದೇ ಕೋಣೆಯನ್ನು ಎರಡು ಮಾಡಿಕೊಂಡಿರುವ ಕಡೆ ಒಬ್ಬರ ಮಾತು ಮತ್ತೊಬ್ಬರ ವಿಶ್ರಾಂತಿಯನ್ನು ಕೆಡಿಸುವುದು ನಿಜ. ಆದರೆ ದೇವಸ್ಥಾನದಲ್ಲಿ ಫೋನಿನಿಂದ ಕೆಡುವುದು ಪಕ್ಕದವರ ಏಕಾಗ್ರತೆಯಾದರೆ, ಇಲ್ಲಿ ಕೆಡುವುದು ಮಲಗಿರುವವರು ಹಣ ಕೊಟ್ಟು ಪಡೆಯಲು ಬಂದ ಚಿಕಿತ್ಸೆಯೇ ಆಗಿರುವುದರಿಂದ, ಪ್ರಶ್ನೆಯನ್ನು ಚಿಕಿತ್ಸೆಯ ಕಡೆಯಿಂದ ನೋಡುವುದು ಹೆಚ್ಚು ಪ್ರಯೋಜನಕರ.

ಅಭ್ಯಂಗವೆಂದರೆ ಬೆಚ್ಚಗೆ ಮಾಡಿದ ಎಳ್ಳೆಣ್ಣೆಯನ್ನೋ ಔಷಧಿ ಕಾಯಿಸಿದ ತೈಲವನ್ನೋ ತಲೆಯಿಂದ ಪಾದದವರೆಗೆ ಕ್ರಮವಾಗಿ ಹಚ್ಚಿ ತಿಕ್ಕುವ ವಿಧಾನ. ವಾಗ್ಭಟನ ಅಷ್ಟಾಂಗಹೃದಯವು ಇದನ್ನು ದಿನಚರಿಯಲ್ಲಿಯೇ ಸೇರಿಸಿ, ತಲೆ, ಕಿವಿ, ಪಾದಗಳಿಗೆ ವಿಶೇಷವಾಗಿ ಎಣ್ಣೆ ಹಚ್ಚಬೇಕೆಂದು ಹೇಳುತ್ತದೆ. ಪಂಚಕರ್ಮ ಎಂಬ ಐದು ಬಗೆಯ ಶೋಧನ ಚಿಕಿತ್ಸೆಗಳಿಗೆ ಮೈಯನ್ನು ಅಣಿಗೊಳಿಸುವ ಪೂರ್ವಕರ್ಮವಾಗಿಯೂ ಅದು ಬಳಕೆಯಲ್ಲಿದ್ದು, ಆಯುರ್ವೇದ ಆಸ್ಪತ್ರೆಗಳಲ್ಲಿ ದ್ರೋಣಿ ಎಂದು ಕರೆಯುವ, ಎಣ್ಣೆ ಹರಿದು ಹೋಗದಂತೆ ಅಂಚು ಕಟ್ಟಿದ ಮರದ ಹಲಗೆಯ ಮೇಲೆ ರೋಗಿಯನ್ನು ಮಲಗಿಸಿ, ಎಡಬಲಗಳಲ್ಲಿ ಇಬ್ಬರು ನಿಂತು ಒಂದೇ ಲಯದಲ್ಲಿ ತಿಕ್ಕುತ್ತಾರೆ. ಕೂರಿಸಿ, ಅಂಗಾತ ಮಲಗಿಸಿ, ಮಗ್ಗುಲಾಗಿಸಿ, ಬೋರಲಾಗಿಸಿ, ಹೀಗೆ ಏಳು ಭಂಗಿಗಳಲ್ಲಿ ಸಾಗುವ ಈ ಕೆಲಸಕ್ಕೆ ಸುಮಾರು ಮುಕ್ಕಾಲು ಗಂಟೆ ಹಿಡಿಯುತ್ತದೆ. ಇಬ್ಬರ ನಾಲ್ಕು ಕೈಗಳು ಭುಜದಿಂದ ಬೆರಳ ತುದಿಗೆ ಒಟ್ಟಿಗೆ ಇಳಿಯುತ್ತಿರುವಾಗ ಮಲಗಿದವರು ಒಂದು ತೋಳನ್ನು ಎಳೆದುಕೊಂಡು ಫೋನನ್ನು ಕಿವಿಗೆ ಹಚ್ಚಿದರೆ ಆ ಲಯ ಅಲ್ಲಿಗೆ ಮುರಿಯುತ್ತದೆ. ಒಂದು ಕಡೆಯವರು ಕೈ ಕಟ್ಟಿ ನಿಲ್ಲಬೇಕು, ಇನ್ನೊಂದು ಕಡೆಯವರು ನಿಧಾನಿಸಬೇಕು, ಅಷ್ಟರಲ್ಲಿ ಎಣ್ಣೆ ಆರುತ್ತದೆ.

ಕಿವಿಗೆ ಫೋನು ಹಿಡಿಯುವ ಭಂಗಿಯೂ ಗಮನಿಸತಕ್ಕದ್ದು. ಬೋರಲು ಮಲಗಿ ಕತ್ತನ್ನು ಎತ್ತಿ ಪರದೆ ನೋಡಿದರೆ ಕತ್ತಿನ ಹಿಂಭಾಗ ಮತ್ತು ಹೆಗಲಿನ ಸ್ನಾಯುಗಳು ಬಿಗಿಯುತ್ತವೆ, ಮರ್ದಿಸುವವರು ಹತ್ತು ನಿಮಿಷದಿಂದ ಸಡಿಲಿಸಲು ಹೆಣಗುತ್ತಿದ್ದುದು ಸಾಮಾನ್ಯವಾಗಿ ಅವೇ ಸ್ನಾಯುಗಳನ್ನು. ಫೋನು ನೋಡಿ ನೋಡಿ ಹಿಡಿದುಕೊಂಡ ಕತ್ತನ್ನು ಬಿಡಿಸಿಕೊಳ್ಳಲು ಬಂದು, ಬಿಡಿಸುತ್ತಿರುವಾಗಲೇ ಮತ್ತೆ ಫೋನು ನೋಡುವವರ ಸಂಖ್ಯೆ ಕಡಿಮೆಯಿರಲಾರದು. ಮೈ ಸಡಿಲಗೊಳ್ಳುವಾಗ ಎದೆಬಡಿತ ಮತ್ತು ಉಸಿರಾಟ ನಿಧಾನವಾಗಿ ತಗ್ಗುತ್ತವೆ; ದೇಹವನ್ನು ವಿಶ್ರಾಂತಿಗೆ ಒಯ್ಯುವ ನರವ್ಯೂಹದ ಭಾಗ ಮೇಲುಗೈ ಪಡೆಯುತ್ತದೆ. ಒಂದು ಕರೆಗಂಟೆ ಇದನ್ನು ಕ್ಷಣದಲ್ಲಿ ತಿರುಗಿಸಬಲ್ಲದು, ಆದರೆ ಹಿಂದಿನ ಸ್ಥಿತಿಗೆ ಮರಳಲು ಕ್ಷಣ ಸಾಲದು.

ಕರೆಯನ್ನು ಎತ್ತುವುದಿಲ್ಲ, ಫೋನು ವೈಬ್ರೇಷನ್‌ನಲ್ಲಿ ತಲೆಯ ಬಳಿ ಇರಲಿ ಎನ್ನುವವರಿದ್ದಾರೆ. ಅಮೆರಿಕದ ಫ್ಲೋರಿಡಾ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು 2015ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಫೋನನ್ನು ಮುಟ್ಟದೆ ಕೇವಲ ಅದರ ಸೂಚನೆ ಬಂದದ್ದು ಅರಿವಿಗೆ ಬಂದರೂ ಜನರ ಗಮನ ಕದಡುತ್ತದೆ ಎಂಬುದು ಕಂಡುಬಂತು. ಯಾರಿರಬಹುದು, ಏನಿರಬಹುದು ಎಂದು ಮನಸ್ಸು ಅತ್ತ ಹರಿಯುವುದೇ ಇದಕ್ಕೆ ಕಾರಣವೆಂದು ಅವರು ಭಾವಿಸಿದರು. ಆ ಪ್ರಯೋಗ ಗಮನವಿಟ್ಟು ಮಾಡುವ ಕೆಲಸದ ಕುರಿತಾದದ್ದೇ ಹೊರತು ಮರ್ದನದ ಕುರಿತಾದದ್ದಲ್ಲ. ಆದರೂ ಮರದ ಹಲಗೆಯ ಮೇಲೆ ಗುರ್ ಎನ್ನುವ ಫೋನು ಮೌನವಾಗಿದೆ ಎಂದು ಹೇಳಲು ಅದು ಅವಕಾಶ ಕೊಡುವುದಿಲ್ಲ. ಮಣಿಕಟ್ಟಿನ ಸ್ಮಾರ್ಟ್‌ವಾಚಿಗೂ ಇದೇ ಮಾತು ಅನ್ವಯಿಸುತ್ತದೆ.

ಶಿರೋಧಾರೆಯಲ್ಲಿ ಹಾನಿ ಇನ್ನೂ ನೇರವಾದದ್ದು. ಹಣೆಯಿಂದ ನಾಲ್ಕು ಬೆರಳು ಎತ್ತರದಲ್ಲಿ ತೂಗುಬಿಟ್ಟ ಧಾರಾಪಾತ್ರೆಯಿಂದ ತೈಲವನ್ನು ಎಡೆಬಿಡದೆ ಹಣೆಯ ಮೇಲೆ ಹರಿಸುವ ಈ ಚಿಕಿತ್ಸೆಯಲ್ಲಿ ಕಣ್ಣಿನ ಮೇಲೆ ಹತ್ತಿಯಿಟ್ಟು, ತಲೆ ಅಲುಗದಂತೆ ಮಲಗಿರಬೇಕಾಗುತ್ತದೆ. ಗಂಟೆ ಕೇಳಿ ತಲೆ ತಿರುಗಿಸಿದರೆ ತೈಲ ಕಣ್ಣಿಗೋ ಕಿವಿಗೋ ಇಳಿಯುತ್ತದೆ. ಬೆವರಿಳಿಸುವ ಸ್ವೇದನದ ಪೆಟ್ಟಿಗೆಯ ಬಳಿ ಫೋನಿಟ್ಟರೆ ಹಬೆಯಿಂದ ಫೋನಿಗೇ ಕೇಡು. ಎಣ್ಣೆಗೈಯಲ್ಲಿ ಹಿಡಿದ ಫೋನು ಜಾರುವುದು, ಮಾತಿನ ರಂಧ್ರಗಳಲ್ಲಿ ಎಣ್ಣೆ ತುಂಬುವುದು ಹೇಳದೆಯೇ ತಿಳಿಯುವ ಸಂಗತಿಗಳು.

ಆಯುರ್ವೇದದ ಹಳೆಯ ಗ್ರಂಥಗಳಿಗೆ ಫೋನು ಗೊತ್ತಿರಲಿಲ್ಲವಾದರೂ ಅದು ತರುವ ದೋಷ ಗೊತ್ತಿತ್ತು. ಚರಕಸಂಹಿತೆಯ ಸಿದ್ಧಿಸ್ಥಾನವು ಪಂಚಕರ್ಮಕ್ಕೆ ಒಳಗಾದವರು ತಮ್ಮ ಸಹಜ ಸ್ಥಿತಿಗೆ ಮರಳುವವರೆಗೆ ಬಿಡಬೇಕಾದ ಎಂಟು ಸಂಗತಿಗಳನ್ನು ಹೆಸರಿಸುತ್ತದೆ: ಗಟ್ಟಿಯಾಗಿ ಮಾತನಾಡುವುದು, ಬಂಡಿಯ ಕುಲುಕಾಟ, ಅತಿಯಾದ ನಡಿಗೆ, ಬಹಳ ಹೊತ್ತು ಕೂರುವುದು, ಅಜೀರ್ಣ, ಒಗ್ಗದ ಊಟ, ಹಗಲುನಿದ್ದೆ, ಸಂಭೋಗ. ಪಟ್ಟಿಯ ಮೊದಲಲ್ಲೇ ಬರುವ ಗಟ್ಟಿ ಮಾತಿನಿಂದ ತಲೆನೋವು, ಕಿವಿನೋವು, ಬಾಯಿ ಗಂಟಲುಗಳ ಒಣಗುವಿಕೆ ಮುಂತಾದ ತೊಂದರೆಗಳಾಗುತ್ತವೆ ಎಂದೂ ಗ್ರಂಥ ಹೇಳುತ್ತದೆ. ನೆಟ್‌ವರ್ಕ್ ಸರಿಯಿಲ್ಲದ ಗುಡ್ಡಗಾಡಿನಲ್ಲಿ ಫೋನಿನ ಮಾತು ತಾನಾಗಿಯೇ ಗಟ್ಟಿಯಾಗುತ್ತದೆ ಎಂಬುದನ್ನು ಸಂಡೂರಿನವರಿಗೆ ವಿವರಿಸಬೇಕಾಗಿಲ್ಲ. ಚಿಕಿತ್ಸೆ ಮುಗಿಸಿಕೊಂಡು ಬೈಕಿನ ಮೇಲೆ ಹಳ್ಳಕೊಳ್ಳದ ರಸ್ತೆಯಲ್ಲಿ ಮನೆಗೆ ಹೊರಡುವವರು ಎರಡನೆಯ ನಿಷೇಧವನ್ನೂ ಗಮನಿಸಬಹುದು.

ವ್ಯವಹಾರ ಮತ್ತು ಎಣ್ಣೆ ಬೇರೆ ಬೇರೆ ಹೊತ್ತಿನವು ಎಂಬ ಕ್ರಮಕ್ಕೆ ಹಂಪಿಯ ಬಗೆಗೇ ದಾಖಲೆಯೊಂದಿದೆ. ಸುಮಾರು 1520ರ ಹೊತ್ತಿಗೆ ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಬರೆದಿಟ್ಟ, 1900ರಲ್ಲಿ ರಾಬರ್ಟ್ ಸೀವೆಲ್ ಇಂಗ್ಲಿಷಿನಲ್ಲಿ ಹೊರತಂದ ವೃತ್ತಾಂತದ ಪ್ರಕಾರ, ಕೃಷ್ಣದೇವರಾಯನು ಬೆಳಕು ಹರಿಯುವ ಮುನ್ನವೇ ಎದ್ದು ಎಳ್ಳೆಣ್ಣೆ ಕುಡಿದು, ಮೈಗೆಲ್ಲ ಅದನ್ನೇ ಹಚ್ಚಿಕೊಂಡು, ಭಾರ ಎತ್ತಿ, ಕತ್ತಿ ತಿರುಗಿಸಿ ಎಣ್ಣೆಯೆಲ್ಲ ಬೆವರಾಗಿ ಇಳಿಯುವವರೆಗೆ ಸಾಧಕ ಮಾಡಿ, ಜಟ್ಟಿಯೊಡನೆ ಕುಸ್ತಿಯಾಡಿ, ಕುದುರೆ ಓಡಿಸಿ, ಆಮೇಲೆ ಸ್ನಾನ, ಪೂಜೆಗಳನ್ನು ಮುಗಿಸುತ್ತಿದ್ದನು; ಅಧಿಕಾರಿಗಳನ್ನು ಕಂಡು ರಾಜ್ಯದ ಕೆಲಸಗಳನ್ನು ವಿಲೇವಾರಿ ಮಾಡುತ್ತಿದ್ದುದು ಇದೆಲ್ಲ ಆದ ನಂತರ, ಕಂಬಗಳ ಬೇರೊಂದು ಮಂಟಪದಲ್ಲಿ. ಅರಸನ ಕೆಲಸವೇ ಕಾಯುತ್ತಿತ್ತು ಎಂದು ಇಂದಿನವರಿಗೆ ಬುದ್ಧಿ ಹೇಳುವುದು ಸುಲಭವಾದರೂ ನ್ಯಾಯವಲ್ಲ, ಏಕೆಂದರೆ ಅರಸನಿಗೆ ಕಾಯಿಸುವ ಅಧಿಕಾರವಿತ್ತು, ದುಡಿಯುವವರಿಗೆ ಅದಿಲ್ಲ.

ಈ ಸೀಮೆಯಲ್ಲಿ ಫೋನು ಆರಿಸಲಾಗದವರ ಕಾರಣಗಳು ನಿಜವಾದವು. ಸಂಡೂರು ತಾಲ್ಲೂಕಿನ ದೋಣಿಮಲೈ ಮೊದಲಾದ ಕಬ್ಬಿಣದ ಅದಿರಿನ ಗಣಿಗಳಲ್ಲಿ, ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಪಾಳಿಯ ಮೇಲೆ ದುಡಿಯುವವರಿಗೆ ಹೊತ್ತಲ್ಲದ ಹೊತ್ತಿನಲ್ಲಿ ಕರೆ ಬರುತ್ತದೆ. ಕಂಪ್ಲಿಯ ಭತ್ತದ ರೈತರಿಗೆ ಕಾಲುವೆಗೆ ನೀರು ಬಿಟ್ಟ ಸುದ್ದಿ, ಪಂಪ್‌ಸೆಟ್ಟಿಗೆ ತ್ರೀಫೇಸ್ ಕರೆಂಟು ಬಂದ ಸುದ್ದಿ ಫೋನಿನಲ್ಲೇ ತಲುಪಬೇಕು. ಹಂಪಿಯ ಗೈಡುಗಳೂ ಆಟೋ ಚಾಲಕರೂ ಒಂದು ಕರೆ ತಪ್ಪಿದರೆ ಆ ದಿನದ ಗಿರಾಕಿಯನ್ನೇ ಕಳೆದುಕೊಳ್ಳುತ್ತಾರೆ. ಮನೆಯಲ್ಲಿ ಕಾಯಿಲೆಯವರನ್ನು ಬಿಟ್ಟು ಬಂದವರು, ಮೊಲೆಯುಣ್ಣುವ ಕೂಸನ್ನು ಬಿಟ್ಟು ಬಂದ ತಾಯಂದಿರು, ರಕ್ತದ ಸಕ್ಕರೆಯನ್ನು ಫೋನಿಗೆ ತಿಳಿಸುವ ಉಪಕರಣ ಧರಿಸಿದ ಮಧುಮೇಹಿಗಳು ಇವರೊಂದಿಗೆ ಸೇರುತ್ತಾರೆ. ಇಂಥವರ ಎದುರು ಅಡ್ಡಗೆರೆ ಎಳೆದ ಫೋನಿನ ಚಿತ್ರವನ್ನು ಗೋಡೆಗೆ ಅಂಟಿಸಿ ಸುಮ್ಮನಾಗುವುದರಿಂದ ಫಲವಿಲ್ಲ.

ಕಾರ್ಯಸಾಧ್ಯವಾದದ್ದು ಬೇರೆ ಇದೆ. ಇಷ್ಟು ಗಂಟೆಯಿಂದ ಇಷ್ಟು ಗಂಟೆಯವರೆಗೆ ಸಿಗುವುದಿಲ್ಲವೆಂದು ಮನೆಯಲ್ಲಿ ಒಬ್ಬರಿಗೆ, ಕೆಲಸದ ಕಡೆ ಒಬ್ಬರಿಗೆ ಮೊದಲೇ ಹೇಳಿ, ತೀರಾ ತುರ್ತಾದರೆ ಕರೆಯಲು ಚಿಕಿತ್ಸಾಲಯದ ಸಂಖ್ಯೆ ಕೊಡಬಹುದು. ಆಯ್ದ ಒಂದೆರಡು ಸಂಖ್ಯೆಗಳ ಕರೆಯನ್ನು ಮಾತ್ರ ಬಿಟ್ಟು ಉಳಿದೆಲ್ಲವನ್ನೂ ತಡೆಹಿಡಿಯುವ ವ್ಯವಸ್ಥೆ ಇಂದಿನ ಸ್ಮಾರ್ಟ್‌ಫೋನುಗಳಲ್ಲಿದ್ದರೂ ಅದನ್ನು ಬಳಸುವವರು ವಿರಳ. ಫೋನನ್ನು ಕೋಣೆಯ ಹೊರಗೆ, ಬೀಗವಿರುವ ಪೆಟ್ಟಿಗೆಯಲ್ಲಿಡಲು ಅನುಕೂಲವಿರಬೇಕು, ಏಕೆಂದರೆ ಅನೇಕರು ಅದನ್ನು ತಲೆದೆಸೆಯಲ್ಲಿ ಇಟ್ಟುಕೊಳ್ಳುವುದು ಕರೆಯ ಆಸೆಗಿಂತ ಕಳುವಿನ ಭಯಕ್ಕೆ. ಹಣವನ್ನು ಫೋನ್‌ಪೇ, ಗೂಗಲ್‌ಪೇ ಮೂಲಕ ಕೊಡುವವರಿಂದ ಎಣ್ಣೆ ಹಚ್ಚುವ ಮೊದಲೇ ಪಡೆದುಕೊಂಡರೆ, ಎಣ್ಣೆಬೆರಳಿನಿಂದ ಪಿನ್ ಒತ್ತುವ ಪೇಚಾಟವೂ ತಪ್ಪುತ್ತದೆ.

ಇಷ್ಟಾಗಿಯೂ ಉಳಿಯುವ ಮುಖ್ಯ ಪ್ರಶ್ನೆ, ನಿಯಮವನ್ನು ಬಾಯಿಬಿಟ್ಟು ಹೇಳಬೇಕಾದವರು ಯಾರು ಎಂಬುದು. ಮರ್ದಿಸುವವರು ಬಹುಪಾಲು ಸಂಬಳದ ಮೇಲೆ, ಕೆಲವೆಡೆ ಬಕ್ಷೀಸಿನ ಮೇಲೆ ಬದುಕುವವರು. ಮಲಗಿರುವವರು ಗುತ್ತಿಗೆದಾರರೋ ಅಧಿಕಾರಿಯೋ ಆಗಿದ್ದರೆ, ಸಾಹೇಬರೇ, ಫೋನು ಬದಿಗಿಡಿ ಎನ್ನುವ ಧೈರ್ಯ ಅವರಿಗೆ ಬರುವುದಿಲ್ಲ. ಹತ್ತು ನಿಮಿಷದ ಮಾತಿಗೆ ಅವರು ಕೈ ತಡೆದು ನಿಂತರೆ ಆ ಹತ್ತು ನಿಮಿಷ ಮುಂದಿನ ಗಿರಾಕಿಯ ಸಮಯದಿಂದ ಅಥವಾ ಅವರ ಊಟದ ಬಿಡುವಿನಿಂದ ಹೋಗುತ್ತದೆ. ಆದ್ದರಿಂದ ಸಮಯ ಗೊತ್ತುಮಾಡುವಾಗಲೇ ಮಾಲೀಕರೋ ವೈದ್ಯರೋ ನಿಯಮವನ್ನು ತಿಳಿಸಿ, ಮಾತಿನಲ್ಲಿ ಕಳೆದ ಹೊತ್ತನ್ನು ಮರಳಿ ಕೊಡಲಾಗುವುದಿಲ್ಲವೆಂದು ಸ್ಪಷ್ಟಪಡಿಸುವುದು ಅವರ ಹೊಣೆ. ಅದನ್ನು ಎಣ್ಣೆಗೈಯವರ ಮೇಲೆ ಹೊರಿಸುವುದು ಸಲ್ಲದು. ಅದೇ ನಿಯಮ ಮರ್ದಿಸುವವರ ಜೇಬಿನ ಫೋನಿಗೂ ಇರಬೇಕೆಂಬುದು ನಿಜ. ಒಂದು ಕೈಯಲ್ಲಿ ಬೆನ್ನು ತಿಕ್ಕುತ್ತ ಇನ್ನೊಂದರಲ್ಲಿ ಮುಂದಿನ ಬುಕಿಂಗ್ ಹಿಡಿಯುವುದು ಸಣ್ಣ ಮಸಾಜ್ ಕೋಣೆಗಳಲ್ಲಿ ಒಬ್ಬರೇ ಎಲ್ಲ ಕೆಲಸ ಮಾಡಬೇಕಾದ್ದರ ಫಲವಾಗಿರಬಹುದು, ಆದರೆ ಮಲಗಿದವರಿಗೆ ಬೆನ್ನಿನ ಮೇಲಿನ ಕೈ ಮನಸ್ಸಿಲ್ಲದ ಕೈಯೆಂದು ತಕ್ಷಣ ತಿಳಿಯುತ್ತದೆ.

ಫೋನು ಕ್ಯಾಮೆರಾವೂ ಆಗಿರುವುದರಿಂದ ಕಾನೂನಿನ ಮಾತು ಬರುತ್ತದೆ. ಅರೆಬಟ್ಟೆಯಲ್ಲಿ ಮಲಗಬೇಕಾದ ಕೋಣೆಯಲ್ಲಿ ಯಾರ ಕೈಯಲ್ಲೇ ಆಗಲಿ ಫೋನು ಎದ್ದು ನಿಂತಿದ್ದರೆ ಎದುರಿನವರಿಗೆ ಅಂಜಿಕೆಯಾಗುವುದು ಸಹಜ. ಒಪ್ಪಿಗೆಯಿಲ್ಲದೆ ವ್ಯಕ್ತಿಯೊಬ್ಬರ ಗುಪ್ತಾಂಗಗಳ ಚಿತ್ರ ತೆಗೆಯುವುದು, ಹಂಚುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಇ ಕಲಮಿನಂತೆ ಮೂರು ವರ್ಷಗಳವರೆಗಿನ ಸೆರೆವಾಸ ಅಥವಾ ಎರಡು ಲಕ್ಷ ರೂಪಾಯಿವರೆಗಿನ ದಂಡ ಅಥವಾ ಎರಡಕ್ಕೂ ಗುರಿಮಾಡುವ ಅಪರಾಧ. ಖಾಸಗಿ ಸ್ಥಿತಿಯಲ್ಲಿರುವ ಮಹಿಳೆಯನ್ನು ಕದ್ದು ನೋಡುವುದನ್ನೂ ಚಿತ್ರೀಕರಿಸುವುದನ್ನೂ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 77ನೇ ಕಲಮು ದಂಡನೀಯಗೊಳಿಸಿದೆ. ಖಾಸಗಿತನ ಮೂಲಭೂತ ಹಕ್ಕೆಂದು 2017ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದ ಮೊಕದ್ದಮೆಯನ್ನು ಹೂಡಿದ್ದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ.

ಮನೆಯ ಬಚ್ಚಲಿನಲ್ಲಿ ನಡೆಯುವ ಬಾಣಂತನಕ್ಕೆ ಯಾವ ಫಲಕವೂ ಇಲ್ಲ, ರಿಸೆಪ್ಷನ್ನೂ ಇಲ್ಲ. ಫೋನು ಅಲ್ಲಿ ಹೆಚ್ಚು ಸಲೀಸಾಗಿ ಒಳಹೊಕ್ಕಿದೆ. ಕಾಲು ಚಾಚಿ ಕೂತ ಅಜ್ಜಿ ಕೂಸನ್ನು ಕಾಲಮೇಲೆ ಹಾಕಿಕೊಂಡು ಎಣ್ಣೆ ತಿಕ್ಕುವಾಗ ಅದು ಅಳದಿರಲೆಂದು ಮುಖದೆದುರು ಕಾರ್ಟೂನು ಹಿಡಿಯುವುದು, ದುಬೈಯಲ್ಲೋ ಅಮೆರಿಕದಲ್ಲೋ ಇರುವ ತಂದೆಗೆ ವಿಡಿಯೋ ಕರೆಯಲ್ಲಿ ತೋರಿಸುವುದು ಇಂದು ಅಪರೂಪವಲ್ಲ. ಮೊದಲನೆಯದಕ್ಕೆ ಸಮರ್ಥನೆ ಕಡಿಮೆ: ಒಂದು ವರ್ಷದೊಳಗಿನ ಕೂಸುಗಳಿಗೆ ಪರದೆ ತೋರಿಸುವುದನ್ನು ವಿಶ್ವ ಆರೋಗ್ಯ ಸಂಸ್ಥೆ 2019ರ ಮಾರ್ಗಸೂಚಿಯಲ್ಲಿ ಬೇಡವೆಂದಿದೆ, ಮೇಲಾಗಿ ಎರೆಯುವವರ ಮುಖ ಮತ್ತು ಮಾತನ್ನು ಕೂಸು ನೋಡಿ ಕೇಳುವ ಹೊತ್ತು ಅದು. ಎರಡನೆಯದನ್ನು ತಡೆಯುವುದು ದೂರದಲ್ಲಿರುವ ತಂದೆಗೆ ಕಠಿಣವಾದೀತು. ಫೋನನ್ನು ಎರೆಯುವವರ ಕೈಗೆ ಕೊಡದೆ ಮತ್ತೊಬ್ಬರು ಬಿಸಿನೀರಿನಿಂದ ದೂರ ನಿಂತು ಹಿಡಿದು, ಬಾಣಂತಿ ಚೌಕಟ್ಟಿನೊಳಗೆ ಬಾರದಂತೆ ನೋಡಿಕೊಂಡು, ಆ ದೃಶ್ಯವನ್ನು ಫ್ಯಾಮಿಲಿ ಗ್ರೂಪಿಗೆ ಹಾಕದಿದ್ದರೆ ಸಾಕು.