ಪರಸ್ಥಳದವರು ಜಾಗ ಕೊಳ್ಳುವಾಗ: ಬಾಗಲಕೋಟೆ ಸೀಮೆಯ ಕಾಗದದ ಭಾಷೆ

'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಎಂಬ ಗಾದೆಯಲ್ಲಿ ಜಾಗ ಕೊಳ್ಳುವ ಮಾತು ಸೇರಿಲ್ಲ. ಗಾದೆ ಹುಟ್ಟಿದ ಕಾಲದಲ್ಲಿ ಜಾಗ ಅಪ್ಪನಿಂದ ಮಗನಿಗೆ ಬರುತ್ತಿತ್ತು. ಕೊಳ್ಳುವ ಪ್ರಸಂಗವೇ ಅಪರೂಪ. ಈಗ ಹಾಗಿಲ್ಲ. ಬೆಂಗಳೂರಿನಲ್ಲಿ ನೌಕರಿ ಮಾಡಿ ನಿವೃತ್ತರಾದವರು ಬಾಗಲಕೋಟೆಯ ನವನಗರದಲ್ಲಿ ನಿವೇಶನ ಹುಡುಕುತ್ತಾರೆ. ದುಬೈ, ಮಸ್ಕತ್‌ಗಳಲ್ಲಿ ದುಡಿಯುವವರು ಹುನಗುಂದದ ಕರಿಮಣ್ಣಿನಲ್ಲಿ ನಾಲ್ಕೆಕರೆ ಹೊಲ ಬೇಕೆನ್ನುತ್ತಾರೆ. ಬಾದಾಮಿಯ ಬಂಡೆ ನೋಡಲು ಬಂದವರಿಗೆ ಅಲ್ಲೊಂದು ಸಣ್ಣ ಮನೆ ಇದ್ದರೆ ಚೆನ್ನ ಅನಿಸುತ್ತದೆ. ಇಳಕಲ್ಲಿಗೆ ಸೀರೆ ವ್ಯಾಪಾರಕ್ಕೆ ಬಂದವರು ಮಗ್ಗದ ಮನೆಯ ಬೆಲೆ ವಿಚಾರಿಸಿ ಹೋಗುತ್ತಾರೆ.

ಇವರಲ್ಲಿ ಬಹಳ ಮಂದಿಗೆ ಹಣದ ತೊಂದರೆ ಇರುವುದಿಲ್ಲ. ತೊಂದರೆ ಶಬ್ದಗಳದು. ಮೈಸೂರು ಕಡೆಯವರು ಪಹಣಿ, ಖಾತೆ ಎನ್ನುವಲ್ಲಿ ಇಲ್ಲಿಯವರು ಉತಾರ, ಡೈರಿ ಎನ್ನುತ್ತಾರೆ. ಇದಕ್ಕೆ ಇತಿಹಾಸವೇ ಕಾರಣ. 1997ರಲ್ಲಿ ಪ್ರತ್ಯೇಕ ಜಿಲ್ಲೆಯಾಗುವ ಮೊದಲು ಈ ಸೀಮೆ ವಿಜಾಪುರ ಜಿಲ್ಲೆಯಲ್ಲಿತ್ತು. 1956ರ ಏಕೀಕರಣಕ್ಕೆ ಮೊದಲು ಮುಂಬಯಿ ಆಡಳಿತಕ್ಕೆ ಸೇರಿತ್ತು. ಇಳಕಲ್ಲಿನ ಪಕ್ಕದ ಕುಷ್ಟಗಿ ನಿಜಾಮನ ರಾಜ್ಯದಲ್ಲಿತ್ತು. ಹೀಗಾಗಿ ಇಲ್ಲಿಯ ಭೂದಾಖಲೆಯಲ್ಲಿ ಮರಾಠಿ, ಪಾರ್ಸಿ, ಇಂಗ್ಲಿಷ್, ಕನ್ನಡ ಎಲ್ಲವೂ ಕಲೆತಿವೆ. ಈ ಶಬ್ದಗಳ ಅರ್ಥ ತಿಳಿಯದೆ ಸಹಿ ಮಾಡಿದವರು ಇಪ್ಪತ್ತು ವರ್ಷ ಕೋರ್ಟಿನ ಮೆಟ್ಟಿಲು ಹತ್ತಬೇಕಾದೀತು.

ಸಂಚಕಾರ: ಮಾತಿನ ಬೆಲೆ

ವ್ಯವಹಾರ ಕುದುರಿದೊಡನೆ ಕೇಳಿಬರುವ ಮೊದಲ ಶಬ್ದ 'ಸಂಚಕಾರ'. ಮುಂಗಡ ಹಣ ಎಂದು ಇದರ ಸಾಮಾನ್ಯ ಅರ್ಥ. ಸಂಚಕಾರ ಪತ್ರ ಎಂದರೆ 'ಇಷ್ಟು ಬೆಲೆಗೆ, ಇಷ್ಟು ದಿನದೊಳಗೆ ಮಾರುತ್ತೇನೆ' ಎಂಬ ಕರಾರು. ಇದು ಮಾರಾಟವಲ್ಲ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 54ನೆಯ ಕಲಮು ಈ ಮಾತನ್ನು ಸ್ಪಷ್ಟವಾಗಿ ಹೇಳುತ್ತದೆ: ಮಾರಾಟದ ಕರಾರಿನಿಂದ ಆ ಸ್ವತ್ತಿನಲ್ಲಿ ಯಾವ ಹಕ್ಕೂ ಹುಟ್ಟುವುದಿಲ್ಲ. ಹಕ್ಕು ಬರುವುದು ಉಪನೋಂದಣಿ ಕಚೇರಿಯಲ್ಲಿ ಖರೀದಿ ಪತ್ರ ನೋಂದಣಿಯಾದಾಗಲೇ. ನೂರು ರೂಪಾಯಿ ಅಥವಾ ಹೆಚ್ಚು ಬೆಲೆಯ ಸ್ಥಿರಾಸ್ತಿಯ ವರ್ಗಾವಣೆಗೆ ನೋಂದಣಿ ಕಡ್ಡಾಯ ಎಂದು 1908ರ ನೋಂದಣಿ ಕಾಯ್ದೆ ವಿಧಿಸಿದೆ. ಆ ನೂರು ರೂಪಾಯಿ ಇಂದಿಗೂ ಹಾಗೆಯೇ ಇದೆ.

ಇದೇ ಪದ್ಧತಿ ದೂರದ ಸ್ಪೇನ್ ದೇಶದಲ್ಲೂ ಉಂಟು. ಅಲ್ಲಿ ಮನೆ ಕೊಳ್ಳಹೋಗುವ ಪರದೇಶದವರು ಮೊದಲು ಕಲಿಯುವ ಶಬ್ದಗಳಲ್ಲಿ 'ಆರ್ರಾಸ್' ಒಂದು. ಅದು ಅವರ ಸಂಚಕಾರ. ಅಲ್ಲಿಯ ನಾಗರಿಕ ಸಂಹಿತೆಯ 1454ನೆಯ ಕಲಮಿನ ಪ್ರಕಾರ ಕೊಳ್ಳುವವನು ಹಿಂದೆ ಸರಿದರೆ ಕೊಟ್ಟ ಹಣ ಹೋಯಿತು. ಮಾರುವವನು ಹಿಂದೆ ಸರಿದರೆ ಇಮ್ಮಡಿ ಹಿಂದಿರುಗಿಸಬೇಕು. ನಮ್ಮ ಕಾಯ್ದೆಯಲ್ಲಿ ಇಂಥ ಸಿದ್ಧ ಇಮ್ಮಡಿ ಲೆಕ್ಕವಿಲ್ಲ. ಪತ್ರದಲ್ಲಿ ಏನು ಬರೆದಿದೆಯೋ ಅದರ ಮೇಲೆ ವಾದ ನಡೆಯುತ್ತದೆ. ಆದ್ದರಿಂದ ಅವಧಿ, ಉಳಿದ ಹಣ, ತಪ್ಪಿದರೆ ಪರಿಣಾಮ, ಈ ಮೂರನ್ನೂ ಸಂಚಕಾರ ಪತ್ರದಲ್ಲಿ ಬರೆಸಿ, ಸಾಧ್ಯವಾದರೆ ಅದನ್ನೂ ನೋಂದಣಿ ಮಾಡಿಸುವುದು ಲೇಸು.

'ಮುಖ್ತ್ಯಾರಪತ್ರ' ಇನ್ನೊಂದು ಶಬ್ದ. ಮಾಲೀಕ ದೂರದಲ್ಲಿದ್ದಾಗ ಅವನ ಪರವಾಗಿ ವ್ಯವಹರಿಸಲು ಕೊಡುವ ಅಧಿಕಾರ ಇದು. ಹಣ ಪಡೆದು ಮುಖ್ತ್ಯಾರಪತ್ರವನ್ನೇ ಕೈಗಿಟ್ಟು 'ಇನ್ನು ಜಾಗ ನಿಮ್ಮದು' ಎನ್ನುವ ರೂಢಿ ಎಲ್ಲ ಕಡೆ ಇತ್ತು. 2011ರಲ್ಲಿ ಸುಪ್ರೀಂ ಕೋರ್ಟು ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಇಂಥ ವ್ಯವಹಾರದಿಂದ ಒಡೆತನ ಬರುವುದಿಲ್ಲವೆಂದು ತೀರ್ಪು ನೀಡಿತು.

ಉತಾರ ಓದುವ ಬಗೆ

ಹೊಲದ ಮಟ್ಟಿಗೆ ಉತಾರವೇ ಕನ್ನಡಿ. ರಾಜ್ಯದ ಭೂಮಿ ಯೋಜನೆಯಲ್ಲಿ ಕೈಬರಹದ ಉತಾರಗಳು ಗಣಕಯಂತ್ರಕ್ಕೆ ಏರಿ ಎರಡು ದಶಕ ಕಳೆದಿವೆ. ಅದರಲ್ಲಿ ಮೂರು ಕಾಲಂಗಳನ್ನು ಕೊಳ್ಳುವವರು ತಾವೇ ಓದಬೇಕು. 9ನೆಯ ಕಾಲಂನಲ್ಲಿ ಸ್ವಾಧೀನದಾರನ ಹೆಸರು, ಅವನ ಪಾಲಿನ ವಿಸ್ತೀರ್ಣ ಇರುತ್ತವೆ. 10ರಲ್ಲಿ ಜಮೀನು ಅವನಿಗೆ ಹೇಗೆ ಬಂತು ಎಂಬುದು: ಖರೀದಿಯೋ, ವಾರಸಾವೋ, ವಾಟ್ನಿಯೋ. ವಾಟ್ನಿ ಎಂದರೆ ಅಣ್ಣತಮ್ಮಂದಿರ ಪಾಲು. 11ರಲ್ಲಿ ಇತರ ಹಕ್ಕುಗಳು ಮತ್ತು ಋಣಗಳು. ಸಹಕಾರಿ ಸಂಘದ ಅಥವಾ ಬ್ಯಾಂಕಿನ ಸಾಲವಿದ್ದರೆ ಇಲ್ಲಿ 'ಬೋಜಾ' ಎಂದು ಕಾಣುತ್ತದೆ. ಬೋಜಾ ತೀರಿಸದೆ ಕೊಂಡರೆ ಸಾಲವನ್ನೂ ಕೊಂಡಂತೆ.

ಒಂದೇ ವರ್ಷದ ಉತಾರ ನೋಡಿ ತೃಪ್ತಿಪಡುವುದು ತಪ್ಪು. ಹೆಸರು ಬದಲಾದಾಗಲೆಲ್ಲ ಅದಕ್ಕೆ ಆಧಾರವಾದ ಡೈರಿ, ಅಂದರೆ ಹಕ್ಕು ಬದಲಾವಣೆಯ ನೋಂದು, ಇರಲೇಬೇಕು. ಅದನ್ನು ಹಿಂದಕ್ಕೆ ಓದುತ್ತ ಹೋದರೆ ಹೊಲದ ಚರಿತ್ರೆ ಬಿಚ್ಚಿಕೊಳ್ಳುತ್ತದೆ. ಎಲ್ಲಾದರೂ 'ಸರ್ಕಾರದ ಮಂಜೂರಿ' ಎಂಬ ಶಬ್ದ ಬಂದರೆ ಅಲ್ಲಿಯೇ ನಿಲ್ಲಬೇಕು. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನನ್ನು ಸರ್ಕಾರದ ಪೂರ್ವಾನುಮತಿ ಇಲ್ಲದೆ ಕೊಂಡರೆ ಆ ಖರೀದಿ 1978ರ ಕಾಯ್ದೆಯಂತೆ ಅಸಿಂಧು. ಜಮೀನು ಮರಳಿ ಪಡೆಯಲು ಅರ್ಜಿ ಹಾಕುವುದಕ್ಕೆ ಕಾಲಮಿತಿ ಇಲ್ಲವೆಂದು 2023ರ ತಿದ್ದುಪಡಿ ಸ್ಪಷ್ಟಪಡಿಸಿದೆ.

ಹೆಣ್ಣುಮಕ್ಕಳ ಹೆಸರು ಉತಾರದಲ್ಲಿ ಕಾಣದಿರುವುದು ಸಾಮಾನ್ಯ. ಹೆಸರಿಲ್ಲ ಎಂದಮಾತ್ರಕ್ಕೆ ಹಕ್ಕಿಲ್ಲವೆಂದಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಿಂದ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳೂ ಮಗನಂತೆ ಹುಟ್ಟಿನಿಂದಲೇ ಪಾಲುದಾರಳು. 2020ರಲ್ಲಿ ಸುಪ್ರೀಂ ಕೋರ್ಟು ಇದನ್ನು ಇನ್ನಷ್ಟು ದೃಢಪಡಿಸಿತು. ಮಾರುವವನಿಗೆ ಅಕ್ಕತಂಗಿಯರು ಎಷ್ಟು, ಅವರು ಖರೀದಿ ಪತ್ರಕ್ಕೆ ಸಹಿ ಮಾಡುವರೇ ಎಂದು ಕೇಳಲು ಸಂಕೋಚಪಡಬಾರದು. ಊಟಕ್ಕೆ ಕರೆದು ಕೈಹಿಡಿದು ಮಾತಾಡಿದ ಮನೆಯಿಂದಲೇ ನಾಳೆ ದಾವೆ ಬರಬಹುದು. ಆ ದಾವೆ ನ್ಯಾಯವಾದದ್ದೂ ಆಗಿರಬಹುದು.

ಉತಾರದ ಜೊತೆಗೆ ಉಪನೋಂದಣಿ ಕಚೇರಿಯ ಋಣಭಾರ ಪತ್ರ ಬೇಕು. ನಮೂನೆ 15 ಬಂದರೆ ನೋಂದಾಯಿತ ವ್ಯವಹಾರಗಳ ಪಟ್ಟಿ ಇದೆ ಎಂದರ್ಥ. ನಮೂನೆ 16 ಬಂದರೆ ಕೇಳಿದ ಅವಧಿಯಲ್ಲಿ ಏನೂ ಇಲ್ಲ. ಆದರೆ ನೋಂದಣಿಯಾಗದ ಬಾಯಿಮಾತಿನ ವಾಟ್ನಿ, ಕೈಸಾಲದ ಕಾಗದ ಇದರಲ್ಲಿ ಕಾಣವು. ಅವುಗಳಿಗೆ ಊರಿನ ಕಟ್ಟೆಯೇ ಸಾಕ್ಷಿ.

ನಾಲ್ಕು ಇಪ್ಪತ್ತು ಎಂದರೆ ಎಷ್ಟು?

ಉತಾರದಲ್ಲಿ '4-20' ಎಂದಿದ್ದರೆ ಪರಸ್ಥಳದವರು ದಶಮಾಂಶವೆಂದು ಓದಿ 4.2 ಎಕರೆ ಎನ್ನುವುದುಂಟು. ಅದು ನಾಲ್ಕು ಎಕರೆ ಇಪ್ಪತ್ತು ಗುಂಟೆ, ಎಂದರೆ ನಾಲ್ಕೂವರೆ ಎಕರೆ. ಎಕರೆಗೆ 40 ಗುಂಟೆ, ಗುಂಟೆಗೆ 16 ಆಣೆ. ಹಳೆಯ ಮುಂಬಯಿ ಸರ್ವೆಯ ಸರಪಳಿ 33 ಅಡಿ ಉದ್ದವಿತ್ತು. ಉದ್ದ ಒಂದು ಸರಪಳಿ, ಅಗಲ ಒಂದು ಸರಪಳಿಯ ಚೌಕವೇ ಗುಂಟೆ: 33 ಗುಣಿಸು 33, ಒಟ್ಟು 1,089 ಚದರಡಿ. 30-40ರ ನಿವೇಶನ ಒಂದು ಗುಂಟೆಗಿಂತ ಸ್ವಲ್ಪ ಹೆಚ್ಚು ಅಷ್ಟೇ.

ತಪ್ಪು ಓದಿದರೆ ನಷ್ಟ ಎಷ್ಟು ಎಂಬುದಕ್ಕೆ ಒಂದು ಉದಾಹರಣೆ ಸಾಕು. '4-05' ಎಂಬುದನ್ನು ನಾಲ್ಕೂವರೆ ಎಕರೆ ಎಂದು ತಿಳಿದು ಬೆಲೆ ಕೊಟ್ಟವನು ಇಲ್ಲದ 15 ಗುಂಟೆಗೆ, ಅಂದರೆ 16,335 ಚದರಡಿಗೆ ಹಣ ತೆತ್ತಂತಾಯಿತು. ಕಾಗದದ ವಿಸ್ತೀರ್ಣವೂ ನೆಲದ ವಿಸ್ತೀರ್ಣವೂ ಒಂದೇ ಆಗಿರಬೇಕೆಂಬ ನಿಯಮವೇನೂ ಇಲ್ಲ. ಸರ್ವೆ ಮಾಡಿಸಿ, ಚಕ್ಕುಬಂದಿಯ ನಾಲ್ಕೂ ದಿಕ್ಕಿನವರನ್ನು ಕರೆದು ಹದ್ದು ತೋರಿಸಿಕೊಂಡ ಮೇಲೆಯೇ ಹಣದ ಮಾತು.

ಬಿನ್‌ಶೇತ್ಕಿ ಮತ್ತು ಗಾವಠಾಣ

ಶೇತ್ಕಿ ಎಂದರೆ ಬೇಸಾಯ; ಬಿನ್‌ಶೇತ್ಕಿ ಎಂದರೆ ಬೇಸಾಯವಲ್ಲದ್ದು. ಹೊಲದಲ್ಲಿ ಬಡಾವಣೆ ಮಾಡಬೇಕಾದರೆ 1964ರ ಭೂಕಂದಾಯ ಕಾಯ್ದೆಯ 95ನೆಯ ಕಲಮಿನಂತೆ ಪರಿವರ್ತನೆ ಆಗಿರಬೇಕು. ಹಾಗಾಗದ ಹೊಲದಲ್ಲಿ ಸುಣ್ಣದ ಗೆರೆ ಎಳೆದು ಮಾರುವ 'ಗುಂಟೆ ಪ್ಲಾಟು'ಗಳು ಅಗ್ಗವಾಗಿ ಸಿಗುತ್ತವೆ. ಅಗ್ಗದ ಕಾರಣ ಕೊಂಡ ಮೇಲೆ ಗೊತ್ತಾಗುತ್ತದೆ. ಊರೊಳಗಿನ ವಸತಿ ಜಾಗ ಗಾವಠಾಣ. ಹಳ್ಳಿಯ ಮನೆಗೆ ಪಂಚಾಯಿತಿಯ ಇ-ಸ್ವತ್ತು ಉತಾರ, ಇಳಕಲ್ಲಿನಂಥ ಪಟ್ಟಣದ ಮನೆಗೆ ನಗರಸಭೆಯ ಉತಾರ. ಸಿಟಿ ಸರ್ವೆ ಆದಲ್ಲಿ ಸಿ.ಟಿ.ಎಸ್. ನಂಬರೂ ಇರುತ್ತದೆ.

ಹೊಲವನ್ನು ಯಾರು ಕೊಳ್ಳಬಹುದು ಎಂಬ ನಿಯಮ ಬದಲಾಗಿದೆ. ಭೂಸುಧಾರಣಾ ಕಾಯ್ದೆಯ 79-ಎ, 79-ಬಿ ಕಲಮುಗಳು ಕೃಷಿಕರಲ್ಲದವರಿಗೆ ಅಡ್ಡಿಯಾಗಿದ್ದವು. 2015ರ ನಂತರ ಕೃಷಿಯೇತರ ಆದಾಯದ ಮಿತಿ 25 ಲಕ್ಷವಿತ್ತು. 2020ರ ತಿದ್ದುಪಡಿಯಲ್ಲಿ ಆ ಕಲಮುಗಳನ್ನೇ ತೆಗೆಯಲಾಯಿತು. ಇದರಿಂದ ನಗರದ ಹಣ ಹೊಲಕ್ಕೆ ಬಂತೆಂದು ಕೆಲವರು, ಹೊಲ ರೈತನ ಕೈತಪ್ಪಿತೆಂದು ಕೆಲವರು ವಾದಿಸುತ್ತಾರೆ. ಖರ್ಚಿನ ಲೆಕ್ಕದಲ್ಲೂ ಒಂದು ಬದಲಾವಣೆ ಆಗಿದೆ: ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇಕಡಾ 1ರಿಂದ 2ಕ್ಕೆ ಏರಿತು. ಮುದ್ರಾಂಕ ಶುಲ್ಕ ಬೇರೆ.

ಗುಡಿಯಿಂದ ನೂರು ಮೀಟರು

ಬಾದಾಮಿ, ಪಟ್ಟದಕಲ್ಲು, ಐಹೊಳೆಗಳಲ್ಲಿ ಉತಾರ ಎಷ್ಟೇ ಶುದ್ಧವಿದ್ದರೂ ಇನ್ನೊಂದು ಅಳತೆ ಉಳಿಯುತ್ತದೆ. ಕೇಂದ್ರ ಸಂರಕ್ಷಿತ ಸ್ಮಾರಕದ ಗಡಿಯಿಂದ 100 ಮೀಟರು ನಿಷೇಧಿತ ಪ್ರದೇಶ, ಅದರಾಚೆಯ 200 ಮೀಟರು ನಿಯಂತ್ರಿತ ಪ್ರದೇಶ. ಪುರಾತತ್ವ ಕಾಯ್ದೆಯ 2010ರ ತಿದ್ದುಪಡಿಯಂತೆ ಮೊದಲಿನದರಲ್ಲಿ ಹೊಸ ಕಟ್ಟಡ ಸಲ್ಲದು. ರಿಪೇರಿಗೂ ಅನುಮತಿ ಬೇಕು. ಕೊಳ್ಳುವುದಕ್ಕೆ ಅಡ್ಡಿಯಿಲ್ಲ, ಕಟ್ಟುವುದಕ್ಕೆ ಅಡ್ಡಿ. ಅಗಸ್ತ್ಯತೀರ್ಥದ ಸುತ್ತ ತಲೆಮಾರುಗಳಿಂದ ಬಾಳಿದವರಿಗೆ ಈ ಕಷ್ಟ ಚೆನ್ನಾಗಿ ಗೊತ್ತು. ಹೊರಗಿನಿಂದ ಬಂದವನು ಹಳೆಯ ಮನೆ ಕೊಂಡು ಮೂರಂತಸ್ತಿನ ಲಾಡ್ಜಿನ ಕನಸು ಕಾಣುತ್ತಾನೆ; ಗೋಡೆ ಏಳುವುದಿಲ್ಲ.

524.256: ನೀರು ಬರೆದ ಗೆರೆ

ಈ ಜಿಲ್ಲೆಯಲ್ಲಿ ಬೇರೆಲ್ಲೂ ಕೇಳದ ಒಂದು ಪ್ರಶ್ನೆ ಕೇಳಲೇಬೇಕು: 'ಜಾಗ ಎಷ್ಟು ಎತ್ತರದಲ್ಲಿದೆ?' ಆಲಮಟ್ಟಿ ಜಲಾಶಯದ ಈಗಿನ ಪೂರ್ಣಮಟ್ಟ ಸಮುದ್ರಮಟ್ಟದಿಂದ 519.60 ಮೀಟರು. ಅದರ ಹಿನ್ನೀರಿಗೆ ಹಳೆಯ ಬಾಗಲಕೋಟೆಯ ಒಂದು ಭಾಗ ಮುಳುಗಿ, ಅಂಗಡಿ, ಮನೆ, ನೆರೆಹೊರೆ ಬಿಟ್ಟು ಜನ ನವನಗರಕ್ಕೆ ಬಂದರು. ಎರಡನೆಯ ಕೃಷ್ಣಾ ನ್ಯಾಯಮಂಡಳಿ 2010ರಲ್ಲಿ 524.256 ಮೀಟರಿಗೆ ಒಪ್ಪಿಗೆ ನೀಡಿತು. ಈ ವಿಚಿತ್ರ ಅಂಕಿಯ ಗುಟ್ಟು ಸರಳ: ಅದು ಸರಿಯಾಗಿ 1,720 ಅಡಿ.

ಎರಡು ಮಟ್ಟಗಳ ಅಂತರ 4.656 ಮೀಟರು, ಸುಮಾರು 15 ಅಡಿ. ಕೇಳಲು ಅಲ್ಪ. ಆದರೆ ನೀರು ನಿಂತಲ್ಲೇ ಏರುವುದಿಲ್ಲ, ಹರಡುತ್ತದೆ. ನೂರು ಮೀಟರಿಗೆ ಒಂದು ಮೀಟರು ಏರುವ ಹೊಲದಲ್ಲಿ ಅದು 465 ಮೀಟರು ಒಳಬರುತ್ತದೆ. ಇನ್ನೂರಕ್ಕೆ ಒಂದು ಏರುವ ಸಮತಟ್ಟಿನಲ್ಲಿ 930 ಮೀಟರು. ನದಿ ಕಾಣದಷ್ಟು ದೂರದ ಹೊಲವೂ ಮುಳುಗಡೆ ಪಟ್ಟಿಯಲ್ಲಿರುವುದು ಇದರಿಂದಲೇ.

2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸಚಿವ ಸಂಪುಟ ಈ ಹಂತದ ಮುಳುಗಡೆಗೆ ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ, ಒಣಬೇಸಾಯದ ಜಮೀನಿಗೆ 30 ಲಕ್ಷ ರೂಪಾಯಿ ಪರಿಹಾರ ನಿಗದಿಪಡಿಸಿತು. ಇಂಥ ಸುದ್ದಿಯ ಹಿಂದೆಯೇ ದಲ್ಲಾಳಿಗಳು ಬರುತ್ತಾರೆ. 2013ರ ಭೂಸ್ವಾಧೀನ ಕಾಯ್ದೆಯಂತೆ ಪ್ರಾಥಮಿಕ ಅಧಿಸೂಚನೆ ಹೊರಟ ಜಮೀನನ್ನು ಮಾರುವಂತಿಲ್ಲ, ಹೊಸ ಋಣ ಹೊರಿಸುವಂತಿಲ್ಲ. ಅಂಥ ಹೊಲ ಕೊಂಡವನಿಗೆ ಹೊಲವೂ ಇಲ್ಲ, ಪರಿಹಾರವೂ ಅನುಮಾನ. ಅರ್ಧ ಬೆಲೆಗೆ ಬಿಟ್ಟುಕೊಟ್ಟ ರೈತನ ಗತಿಯೂ ಅಷ್ಟೇ. ಸಂತ್ರಸ್ತರಿಗೆ ಹಂಚಿಕೆಯಾದ ನಿವೇಶನ ಕೊಳ್ಳುವವರು ಹಂಚಿಕೆಯ ಷರತ್ತು ಓದಿ, ಪ್ರಾಧಿಕಾರದ ಕಚೇರಿಯಲ್ಲಿ ವಿಚಾರಿಸಿಯೇ ಮುಂದುವರಿಯಬೇಕು.

ಪರದೇಶದಲ್ಲಿರುವವರಿಗೆ

ಭಾರತದ ಪೌರತ್ವ ಉಳಿಸಿಕೊಂಡು ಪರದೇಶದಲ್ಲಿ ನೆಲೆಸಿದವರು, ಸಾಗರೋತ್ತರ ನಾಗರಿಕ ಚೀಟಿ ಉಳ್ಳವರು ಇಲ್ಲಿ ಮನೆ, ಅಂಗಡಿ ಕೊಳ್ಳಬಹುದು. ಬೇಸಾಯದ ಹೊಲ, ತೋಟ, ತೋಟದ ಮನೆ ಕೊಳ್ಳುವಂತಿಲ್ಲ. ತಂದೆಯಿಂದ ವಾರಸಾ ಬಂದರೆ ಅಡ್ಡಿಯಿಲ್ಲ. ದುಬೈಯಲ್ಲಿದ್ದುಕೊಂಡು ಹುನಗುಂದದ ಹೊಲ ಕೊಳ್ಳಬೇಕೆನ್ನುವವರು ಇದನ್ನು ಗಮನಿಸಬೇಕು. ಹಣ ಬ್ಯಾಂಕಿನ ಮೂಲಕವೇ ಬರಬೇಕು. ಇಂಥವರಿಂದ ಮನೆ ಕೊಳ್ಳುವವರು ಆದಾಯ ತೆರಿಗೆ ಕಡಿತ ಮಾಡಬೇಕು. ಅದರ ದರ ಸ್ಥಳೀಯ ಮಾರಾಟಗಾರನಿಗೆ ಅನ್ವಯಿಸುವ ಶೇಕಡಾ 1ರಷ್ಟಲ್ಲ. ಭಾರತದ ಮೂಲವಿಲ್ಲದ, ಹೊರಗೆ ನೆಲೆಸಿದ ವಿದೇಶೀಯರಿಗೆ ಖರೀದಿಯ ಹಕ್ಕಿಲ್ಲ. ಐದು ವರ್ಷ ಮೀರದ ಬಾಡಿಗೆ ಕರಾರಿಗೆ ಅವಕಾಶವಿದೆ.

ಮನೆ ಕೊಂಡರೆ ವಾಸದ ಹಕ್ಕು ಸಿಗುತ್ತದೆಂಬ ಭ್ರಮೆಯೂ ಬೇಡ. ಸ್ಪೇನಿನಲ್ಲಿ 2013ರಿಂದ ಐದು ಲಕ್ಷ ಯೂರೋ ಬೆಲೆಯ ಆಸ್ತಿ ಕೊಂಡವರಿಗೆ ವಾಸದ ಪರವಾನಗಿ ಕೊಡುತ್ತಿದ್ದರು. ಊರಿನವರಿಗೇ ಮನೆ ದುಬಾರಿಯಾಯಿತೆಂಬ ಕೂಗೆದ್ದು, 2025ರ ಏಪ್ರಿಲ್ 3ರಂದು ಅದನ್ನು ನಿಲ್ಲಿಸಿದರು. ನಮ್ಮಲ್ಲಿ ಹಳ್ಳಿಯ ಮನೆ ಕೊಂಡದ್ದರಿಂದ ವೀಸಾ ಹುಟ್ಟುವುದಿಲ್ಲ.

ಒಂದು ಉತಾರ, ಒಂದು ಋಣಭಾರ ಪತ್ರ, ಸರ್ವೆಯ ನಕ್ಷೆ, ಮುಳುಗಡೆಯ ಮಟ್ಟ, ಅಕ್ಕತಂಗಿಯರ ಸಹಿ. ಇವಿಷ್ಟಕ್ಕೂ ತಗಲುವ ಖರ್ಚು ಖರೀದಿಯ ಬೆಲೆಯ ಮುಂದೆ ಏನೂ ಅಲ್ಲ. ಆದರೂ 'ಇವತ್ತೇ ಸಂಚಕಾರ ಕೊಡಿರಿ, ನಾಳೆ ಬೇರೆಯವರು ಬರುತ್ತಾರೆ' ಎಂಬ ಮಾತಿಗೆ ಜನ ಜೇಬಿಗೆ ಕೈಹಾಕುತ್ತಾರೆ. ನಾಳೆ ಬರುವ ಆ ಬೇರೆಯವರು ಉತಾರ ಓದಿಕೊಂಡು ಬಂದಿದ್ದರೆ ಅವರೂ ಕೊಳ್ಳಲಾರರು.